ಹುರಿಹಿಟ್ಟಿನ ಕೊಟ್ಟಿಗೆಯಲ್ಲಿ ವಿರೋಧ ಮಾತಾಡಿದವಳು

ನಾನು ಓದುವಾಗ ಕಾಲೇಜುಗಳ ಚರ್ಚಾಸ್ಪರ್ಧೆಗೆ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕಿತ್ತು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗುವುದು, ಒಂದೇ ವೇದಿಕೆಯ ಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ಕಡಿದು ಹಾಕುವುದು, ಇಬ್ಬರ ಅಂಕವನ್ನೂ ಕೂಡಿಸಿ ಕೊಟ್ಟ ಪರ್ಯಾಯ ಪಾರಿತೋಷಕವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಅಕ್ಕಪಕ್ಕವೇ ಕೂತು ವಾಪಸ್ಸು ಬರುವುದು. ಇದೆಂಥ ಏರ್ಪಾಡು ಅಂತ ನಗುವವರು ಇದ್ದರು. ಇಬ್ಬರು ಕೂಡಿ ಒಂದು ಕೆಲಸ ಮಾಡುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಏರ್ಪಾಡನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ತುಮಕೂರಿನ ನಮ್ಮ ಕಾಲೇಜಿನಿಂದ ಪರ ಮಾತಾಡುತ್ತಿದ್ದವಳು ನನ್ನ ಗೆಳತಿ. ವಿಷಯ ಏನೇ ಇರಲಿ, ನಾಳೆ ಬೆಳಿಗ್ಗೆಯೇ ಅದು ಆಗಿಬಿಡುತ್ತದೆ ಎಂಬ ಮುಖ ಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಅದು ಯಾಕೆ ಆಗುವುದಿಲ್ಲ ಅಂತ ಹೇಳುವುದು ನನ್ನ ಪಾಲಿನ ಕೆಲಸ. ಮೂರು ವರ್ಷ ಅದೇ ಅಭ್ಯಾಸವಾಗಿ, ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಅಮ್ಮ ಕೇಳಿದರೂ ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದು "ಹಾಗಂತ ಹೇಳಕ್ಕಾಗಲ್ಲ" ಎಂಬ ಮಾತು.

ಸ್ಪರ್ಧೆಗೆ ಹೊರಗಿನ ಊರುಗಳಿಗೆ ಹೋದಾಗ ನಮ್ಮ ಹೊಟ್ಟೆ ಕಾಯುತ್ತಿದ್ದದ್ದು ಅವಳ ಸೋದರತ್ತೆ ಕಟ್ಟಿಕೊಡುತ್ತಿದ್ದ ಹುರಿಹಿಟ್ಟಿನ ಡಬ್ಬಿ. ರಾಗಿಯನ್ನು ಅರಳಿಸಿ, ಬೀಸಿ, ಏಲಕ್ಕಿ ಒಣಶುಂಠಿ ಬೆರೆಸಿದ ಹಿಟ್ಟು. ಹಾಲೋ ಮಜ್ಜಿಗೆಯೋ ಬಿಸಿನೀರೋ, ಸಿಕ್ಕಿದ್ದಕ್ಕೆ ಒಂದು ಚೂರು ಬೆಲ್ಲ ಹಾಕಿ ಕಲಸಿಕೊಂಡರೆ ಊಟ ಮುಗಿಯಿತು. ಎದುರಾಳಿ ಕಾಲೇಜಿನ ಹುಡುಗಿಯರು ಹಾಸ್ಟೆಲಿನ ಅನ್ನ ಬಿಟ್ಟು ನಮ್ಮ ಡಬ್ಬಿಯ ಸುತ್ತ ಕೂರುತ್ತಿದ್ದರು. ವೇದಿಕೆಯ ಮೇಲೆ ನಮ್ಮನ್ನು ಹರಿದು ಹಾಕುವವರು ಕೆಳಗಿಳಿದ ಮೇಲೆ ಅಂಗೈ ಒಡ್ಡುವುದನ್ನು ನೋಡಿ ನಾವು ಗೆದ್ದೆವು ಅಂದುಕೊಳ್ಳುತ್ತಿದ್ದೆ. ಅವಳು ನೋಡುತ್ತಿದ್ದದ್ದು ಬೇರೆ. ಇದು ನನಗೆ ಗೊತ್ತಾದದ್ದು ಕೊನೆಯ ವರ್ಷದ ಪರೀಕ್ಷೆ ಮುಗಿದ ಮಧ್ಯಾಹ್ನ, ಕಾಲೇಜಿನ ಮುಂದೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ.

ಹುರಿಹಿಟ್ಟು ಮಾಡಿ ಪ್ಯಾಕೆಟ್ಟು ಕಟ್ಟಿ ಮಾರೋಣ ಅಂದಳು. ಅದು ಎಂಬತ್ತರ ದಶಕದ ಶುರು. ಹೆಣ್ಣುಮಕ್ಕಳು ಡಿಗ್ರಿ ಮುಗಿಸಿದರೆ ಟೀಚರಿಕೆ, ಬ್ಯಾಂಕು, ಇಲ್ಲವೇ ಮದುವೆ ಅಂತ ಇದ್ದ ಕಾಲ.

"ಹುರಿಹಿಟ್ಟು ಮಾಡದ ಮನೆ ಈ ಜಿಲ್ಲೇಲಿ ಯಾವುದಿದೆ ಹೇಳು," ಅಂದೆ. "ಮನೇಲಿರೋದನ್ನ ದುಡ್ಡು ಕೊಟ್ಟು ಯಾರು ತಗೋತಾರೆ?"

"ನಿನಗೆ ಮಾಡಕ್ಕೆ ಬರತ್ತಾ?"

"ಇಲ್ಲ."

"ನನಗೂ ಬರಲ್ಲ. ತಿನ್ನಕ್ಕೆ ಮಾತ್ರ ಇಬ್ಬರಿಗೂ ಬೇಕು. ನಮ್ಮಂಥೋರು ಎಷ್ಟು ಜನ ಆಗ್ತಿದಾರೆ ನೋಡೇ."

ವಾದದಲ್ಲಿ ಇದನ್ನು ಬಲವಾದ ಪೆಟ್ಟು ಅನ್ನಬೇಕು. ಆದರೂ ನಾನು ಬಿಡಲಿಲ್ಲ. ಊರಿನ ಹಿಟ್ಟಿನ ಮಿಲ್ಲಿನಲ್ಲಿ ಎಲ್ಲರೂ ಮೆಣಸಿನಕಾಯಿ ಬೀಸುತ್ತಾರೆ, ನಮ್ಮ ಹಿಟ್ಟಿಗೆ ಘಾಟು ಹಿಡಿಯುತ್ತದೆ. ಮರಳಲ್ಲಿ ಹುರಿದರೆ ಹಲ್ಲಿಗೆ ಮರಳು ಸಿಗುತ್ತದೆ. ಮಳೆಗಾಲದಲ್ಲಿ ಹಿಟ್ಟು ಮೆತ್ತಗಾಗುತ್ತದೆ. ಹೆಣ್ಣುಮಕ್ಕಳು ಮೂಟೆ ಹೊತ್ತು ಅಂಗಡಿ ಅಂಗಡಿ ತಿರುಗಿದರೆ ನೋಡಿದವರು ಏನಂದಾರು. ಒಂದಾದ ಮೇಲೊಂದು ಹೇಳಿ, ಬಹುಮಾನ ಬಂದವಳ ಹಾಗೆ ನಿಂತೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಘಾಟು ಅಂದ್ಯಲ್ಲ, ಅದು ನಿಜ. ನಾಳೆ ಬೆಳಿಗ್ಗೆ ಮಿಲ್ಲಿನ ಹತ್ರ ಬಾ, ಅದನ್ನ ಮೊದಲು ನೋಡೋಣ," ಅಂದಳು.

ನನ್ನ ಆಕ್ಷೇಪಣೆಗೆ ಅಲ್ಲಿಯವರೆಗೆ ಅಂಕ ಸಿಕ್ಕಿತ್ತು, ಚಪ್ಪಾಳೆ ಸಿಕ್ಕಿತ್ತು, ಮನೆಯಲ್ಲಿ ಬೈಗುಳವೂ ಸಿಕ್ಕಿತ್ತು. ಕೆಲಸ ಸಿಕ್ಕಿದ್ದು ಅದೇ ಮೊದಲು. ಹೋಗದೆ ಇದ್ದರೆ ಸೋತಂತೆ ಅನ್ನಿಸಿ ಹೋದೆ.

ಅವಳು ಸದಾಶಿವನಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಅತ್ತೆಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹಸು ಮಾರಿದ ಮೇಲೆ ಹಿತ್ತಲಿನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದನ್ನು ಸಗಣಿಯ ವಾಸನೆ ಹೋಗುವ ತನಕ ತೊಳೆದು, ಸುಣ್ಣ ಬಳಿದು, ಗೋದಲಿಯ ಮೇಲೆ ಹಲಗೆ ಹಾಸಿ ಮೇಜು ಮಾಡಿಕೊಂಡೆವು. ನಮ್ಮ ಉತ್ಸಾಹ ನೋಡಿ ಅತ್ತೆ, "ಹಸೂಗೆ ಇಷ್ಟು ಉಪಚಾರ ಮಾಡಿದ್ರೆ ಇನ್ನೂ ಹಾಲು ಕೊಡ್ತಿತ್ತು ಕಣ್ರೇ," ಅಂದರು. ರಾಗಿ ಕೋರದಿಂದ ಬರುತ್ತಿತ್ತು, ಅತ್ತೆಯ ಗಂಡನ ಕಡೆಯವರ ಹೊಲದ್ದು.

ಹಿಂದಿನ ಸಂಜೆ ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಗಂಟು ಕಟ್ಟಿಡುವುದು. ಬೆಳಿಗ್ಗೆ ಕಾದ ಬಾಣಲೆಗೆ ಒಂದು ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಕೈ ಬಿಡದೆ ಆಡಿಸುವುದು. ಮರಳು ಹಾಕಿದರೆ ಬೇಗ ಅರಳುತ್ತದೆ. ನಾನು ವಿರೋಧಿಸಿದ್ದರಿಂದ ನಾವು ಮರಳಿಲ್ಲದೆಯೇ ಹುರಿಯುತ್ತಿದ್ದೆವು. ಅದು ಬಲು ನಿಧಾನ. ಆಸೆಪಟ್ಟು ಒಂದು ಹಿಡಿ ಹೆಚ್ಚು ಹಾಕಿದಿರೋ, ಅರಳುವ ಬದಲು ಸೀದು ಹೋಗುತ್ತದೆ. ಸರಿಯಾಗಿ ಕಾದಾಗ ಮಾತ್ರ ಆ ಕೆಂಪು ಕಾಳುಗಳೆಲ್ಲ ಒಟ್ಟಿಗೆ ಚಟಪಟ ಅಂದು ಬೆಳ್ಳಗೆ ಬಾಯಿ ಬಿಡುತ್ತವೆ. ಆ ವಾಸನೆ ಕೊಟ್ಟಿಗೆಯ ಹೆಂಚಿಗೆ ತಾಗಿ ಬೀದಿಗೆ ಇಳಿಯುತ್ತಿತ್ತು. ಹೋಗುವವರು ಒಂದು ಕ್ಷಣ ನಿಂತು ಹೋಗುತ್ತಿದ್ದರು.

ಘಾಟಿನ ಸಮಸ್ಯೆಗೆ ಸಿಕ್ಕಿದ ದಾರಿ ಸುಲಭದ್ದು, ಮಿಲ್ಲಿನವರನ್ನು ಒಪ್ಪಿಸುವುದು ಕಷ್ಟದ್ದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಯಾರ ಮೆಣಸಿನಕಾಯಿಯೂ ಬೀಳುವ ಮೊದಲು, ನಮ್ಮದು. ಅದಕ್ಕೂ ಮುಂಚೆ ಒಂದಿಷ್ಟು ಬರೀ ರಾಗಿ ಹಾಕಿ ಕಲ್ಲನ್ನು ತೊಳೆದ ಹಾಗೆ ಮಾಡಿ, ಆ ಹಿಟ್ಟನ್ನು ಬೇರೆ ಚೀಲಕ್ಕೆ ಹಿಡಿಯುವುದು. ಆ ಮೊದಲ ಹಿಟ್ಟಿನಲ್ಲಿ ಅತ್ತೆ ರೊಟ್ಟಿ ತಟ್ಟುತ್ತಿದ್ದರು. ಹಿಂದಿನ ದಿನ ಊರಿನಲ್ಲಿ ಯಾರು ಯಾರು ಏನೇನು ಬೀಸಿಸಿದ್ದಾರೆ ಅನ್ನುವುದು ರೊಟ್ಟಿಯ ರುಚಿಯಲ್ಲಿ ಗೊತ್ತಾಗುತ್ತಿತ್ತು. ಪ್ಯಾಕೆಟ್ಟು ಮುಚ್ಚಲು ಮಿಷನ್ನು ಎಲ್ಲಿತ್ತು? ಪ್ಲಾಸ್ಟಿಕ್ ಕವರಿನ ಬಾಯಿಯನ್ನು ಗರಗಸದ ಬ್ಲೇಡಿಗೆ ಮಡಿಚಿ, ಮೇಣದಬತ್ತಿಯ ಉರಿಗೆ ಅಂಚನ್ನು ತಾಗಿಸಿ ತಾಗಿಸದ ಹಾಗೆ ಎಳೆಯುವುದು. ಅವಳು ಎಳೆದರೆ ನೂಲು ಹಿಡಿದ ಹಾಗೆ ಅಂಟಿಕೊಳ್ಳುತ್ತಿತ್ತು. ನಾನು ಎಳೆದರೆ ತೂತು. ಹಾಗಾಗಿ ನನಗೆ ಜರಡಿ ಮತ್ತು ತಕ್ಕಡಿ.

ಇಷ್ಟರ ನಡುವೆ ನನ್ನ ತಲೆಯ ಮೇಲೆ ಒಂದು ಕತ್ತಿ ತೂಗುತ್ತಿತ್ತು. ನಾನು ಬ್ಯಾಂಕಿನ ಪರೀಕ್ಷೆ ಬರೆದಿದ್ದೆ, ಇಂಟರ್‌ವ್ಯೂ ಕೂಡ ಆಗಿತ್ತು, ಆರ್ಡರು ಯಾವಾಗ ಬೇಕಾದರೂ ಬರಬಹುದಿತ್ತು. ಅಪ್ಪ ಕೋರ್ಟಿನಲ್ಲಿ ಗುಮಾಸ್ತರು, ರಿಟೈರಾಗುವ ಹೊತ್ತು. ನನ್ನ ಹಿಂದೆ ಓದುವ ತಮ್ಮ, ತಂಗಿ. ನನ್ನ ಸಂಬಳ ಬರುತ್ತದೆ ಎಂದುಕೊಂಡೇ ಮನೆ ಉಸಿರಾಡುತ್ತಿತ್ತು. ಇದು ಅವಳಿಗೂ ಗೊತ್ತಿತ್ತು. ಒಂದು ದಿನ ಬ್ಲೇಡಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು: "ಆರ್ಡರ್ ಬರೋದರೊಳಗೆ ಇದು ಇಬ್ಬರಿಗೂ ಅನ್ನ ಹಾಕೋ ಹಾಗೆ ಮಾಡಿಬಿಡೋಣ. ಆಮೇಲೆ ನೀನು ಹೋಗೋ ಪ್ರಶ್ನೇನೇ ಇರಲ್ಲ."

"ಹಾಗಂತ ಹೇಳಕ್ಕಾಗಲ್ಲ," ಅಂದೆ. ಒಳಗೆ ಮಾತ್ರ, ಹಾಗೇ ಆಗಲಿ ಎಂಬ ಆಸೆ ಅವಳಿಗಿಂತ ನನಗೇ ಹೆಚ್ಚಿತ್ತು.

ಮೊದಲು ಕುಣಿಗಲ್ಲಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ದೊಡ್ಡ ದಿನಸಿ ಅಂಗಡಿ. ಇದು ನಮ್ಮಲ್ಲಿ ಹೋಗುವುದಿಲ್ಲ ಅಂದರು ಅಂಗಡಿಯವರು. ಯಾಕೆ ಹೋಗುವುದಿಲ್ಲ ಅಂತ ಕೇಳಿದೆವು. ಮಕ್ಕಳು ಬಿಸ್ಕತ್ತು ಕೇಳುತ್ತಾರೆ ಅಂದರು. ಅವಳು ಬಿಸ್ಕತ್ತಿನ ಮಾತನ್ನು ಹಿಡಿದುಕೊಂಡಳು, ನಾನು ಅವರ ಉಳಿದ ಮಾತನ್ನು ಹಿಡಿದುಕೊಂಡೆ. ಅಲ್ಲಿಯ ತನಕ ವೇದಿಕೆಯ ಮೇಲೆ ಒಬ್ಬರಿಗೊಬ್ಬರು ಎದುರಾಗಿದ್ದವರು ಮೊದಲ ಸಲ ಒಂದೇ ಕಡೆ ನಿಂತಿದ್ದೆವು. ಆ ಬಡಪಾಯಿ ಎಷ್ಟು ಹೊತ್ತು ತಾಳಿಯಾರು? ಎದ್ದ ಪ್ರತಿಯೊಂದು ಮಾತನ್ನೂ ಹೊಡೆದು ಮಲಗಿಸಿದೆವು. ಕೊನೆಗೆ ಅವರು ಕೈ ಮುಗಿದು, "ನೀವು ಹೇಳೋದು ನೂರಕ್ಕೆ ನೂರು ಸರಿ ಕಣಮ್ಮ," ಅಂದರು. ನಾವು ಬೀಗುತ್ತಾ ಬಸ್ಸು ಹತ್ತಿದೆವು. ಅವರು ಹೇಗೆ ಬಿಸ್ಕತ್ತಿನ ವಿಷಯದಲ್ಲಿ ತಾವೇ ತೋಡಿದ ಗುಂಡಿಗೆ ಬಿದ್ದರು ಅಂತ ನಾನು, ಮುಖ ಹೇಗೆ ಸಪ್ಪಗಾಯಿತು ಅಂತ ಅವಳು. ಹೆಬ್ಬೂರು ಬರುವಷ್ಟರಲ್ಲಿ ಮಾತು ತೀರಿತು. ಆಗ ಇಬ್ಬರ ಕಣ್ಣೂ ಕಾಲ ಕೆಳಗಿದ್ದ ಚೀಲದ ಮೇಲೆ ಬಿತ್ತು. ತಂದಷ್ಟೂ ಪ್ಯಾಕೆಟ್ಟು ಹಾಗೇ ಇದ್ದವು. ಅವರು ಒಂದನ್ನೂ ತೆಗೆದುಕೊಂಡಿರಲಿಲ್ಲ, ತೆಗೆದುಕೊಳ್ಳಿ ಅಂತ ನಾವೂ ಕೇಳಿರಲಿಲ್ಲ.

ಇದರಿಂದ ಬುದ್ಧಿ ಬಂತು ಅಂತ ಬರೆದರೆ ಕಥೆ ಚೆನ್ನಾಗಿರುತ್ತದೆ. ಬರಲಿಲ್ಲ. ಗುಬ್ಬಿಯ ಸಂತೆಯಲ್ಲಿ ಅದನ್ನೇ ಇನ್ನೂ ಚೆನ್ನಾಗಿ ಮಾಡಿದೆವು.

ಗುಬ್ಬಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ, ಹುರಿಗಡಲೆಯವನಿಗೂ ಬೆಲ್ಲದವನಿಗೂ ನಡುವೆ ಗೋಣಿ ಹಾಸಿ ಕೂತೆವು. ಜನ ಬಂದರು, ಪ್ಯಾಕೆಟ್ಟು ಎತ್ತಿ ತಿರುಗಿಸಿ ನೋಡಿದರು, ಹುಡುಗಿಯರ ಧೈರ್ಯಕ್ಕೆ ಮೆಚ್ಚಿದರು, ಇಟ್ಟು ಹೋದರು. ಮಧ್ಯಾಹ್ನದ ಹೊತ್ತಿಗೆ ಎಲೆ ಅಡಿಕೆ ಜಗಿಯುತ್ತಾ ಒಬ್ಬ ಅಜ್ಜಿ ಬಂದು ಕುಕ್ಕರಗಾಲಿನಲ್ಲಿ ಕೂತಳು. ಒಂದು ಪ್ಯಾಕೆಟ್ಟು ಮಡಿಲಿಗೆ ಹಾಕಿಕೊಂಡಳು. ಅಜ್ಜಿ ಸೆರಗು ಒಡ್ಡಿ, "ಊಂ, ಕೊಸರು ಆಕು," ಅಂದಳು.

ಕೊಸರು ಅಂದರೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಪಾವೋ ಸೇರೋ ಅಳೆದು ಸುರಿದ ಮೇಲೆ, ಮಾರುವವರು ತಮ್ಮ ಕೈಯಿಂದ ಮೇಲೊಂದಿಷ್ಟು ಹಾಕುವುದು. ಹಾಕದಿದ್ದರೆ ವ್ಯಾಪಾರ ಮುಗಿದ ಹಾಗಲ್ಲ. ನಾವಿಬ್ಬರೂ ಹುಟ್ಟಿದಾಗಿನಿಂದ ಕೊಸರು ಈಸಿಕೊಂಡೇ ಬೆಳೆದವರು. ಬಾಯಿ ಮುಚ್ಚಿದ ಪ್ಯಾಕೆಟ್ಟಿಗೆ ಕೊಸರು ಎಲ್ಲಿಂದ ಹಾಕುವುದು ಎಂಬ ಪ್ರಶ್ನೆ ಮಾತ್ರ, ಇಷ್ಟೆಲ್ಲ ಆಕ್ಷೇಪಣೆ ಎತ್ತಿದ ನನಗೇ ಹೊಳೆದಿರಲಿಲ್ಲ.

ಸುಮ್ಮನಿರಬಹುದಿತ್ತು. ನಾನು ವಾದ ಶುರು ಮಾಡಿದೆ. ನಾವು ಅರ್ಧ ಕೇಜಿಗಿಂತ ಒಂದು ಚೂರು ಹೆಚ್ಚೇ ತುಂಬುತ್ತೇವೆ, ಕೊಸರು ಒಳಗೇ ಇದೆ ಅಂದೆ. ಬೆಲ್ಲದವನ ತಕ್ಕಡಿ ಕೇಳಿ ಪಡೆದು ತೂಗಿ ತೋರಿಸಿದೆ. ಸುತ್ತ ಜನ ಸೇರಿದರು. ತಟ್ಟೆ ನಮ್ಮ ಕಡೆಗೇ ಬಾಗಿತು. ಗೆಳತಿ ಪಕ್ಕದಿಂದ, ಪಾವಿನಲ್ಲಿ ಅಳೆದು ಕೊಸರು ಹಾಕಿದರೂ ಇಷ್ಟು ಬರುವುದಿಲ್ಲ ಅಂತ ಲೆಕ್ಕ ಒಪ್ಪಿಸಿದಳು. ಅಜ್ಜಿ ತಕ್ಕಡಿಯನ್ನೇ ಗಮನವಿಟ್ಟು ನೋಡಿ ತಲೆಯಾಡಿಸಿದಳು.

"ದಿಟ ಕಣವ್ವ. ನಿನ್ ತೂಕದಾಗೆ ಒಂದ್ ಚೂರೂ ಮೋಸ ಇಲ್ಲ."

"ಮತ್ತೆ?"

"ಒಳಗಿರಾದು ನೀನು ನಿಮ್ಮನೇಲಿ ಕುಂತು ತುಂಬಿದ್ದು. ನಾನು ಯಾರು ಅಂತ ಆಗ ನಿನಗೇನ್ ಗೊತ್ತು? ಕೊಸರು ಅಂದ್ರೆ ನನ್ ಮಕ ನೋಡಿ ಆಕ್ಬೇಕು."

ಪ್ಯಾಕೆಟ್ಟನ್ನು ಮಡಿಲಿನಿಂದ ತೆಗೆದು ಗೋಣಿಯ ಮೇಲಿಟ್ಟು, ಪಕ್ಕಕ್ಕೆ ಜರುಗಿ ಹುರಿಗಡಲೆ ಕೊಂಡಳು. ಹುರಿಗಡಲೆಯವನು ನಮ್ಮ ಕಡೆ ಒಂದು ನೋಟ ಬೀರಿ, ಬೇಕೆಂದೇ ದೊಡ್ಡದಾಗಿ ಒಂದು ಹಿಡಿ ಕೊಸರು ಹಾಕಿದ.

ವಾಪಸ್ಸು ರೈಲಿನಲ್ಲಿ ನಾವು ಮಾಡಿದಂಥ ಜಗಳವನ್ನು ಯಾವ ವೇದಿಕೆಯ ಮೇಲೂ ಮಾಡಿರಲಿಲ್ಲ. ಪ್ಯಾಕೆಟ್ಟು ಹರಿದು ಹಾಕಿ ಮೂಟೆಯಲ್ಲಿ ಸುರಿದುಕೊಂಡು ಪಾವಿನಲ್ಲಿ ಅಳೆದು ಮಾರೋಣ ಅಂತ ನಾನು. ಹಾಗೆ ಮಾರಿದರೆ ಸಂತೆಯಲ್ಲಿರುವ ಹತ್ತು ಜನರಲ್ಲಿ ನಾವೂ ಇಬ್ಬರು, ಅಷ್ಟೇ ಅಂತ ಅವಳು. ಅವಳ ಕಡೆ ಒಂದು ಗಟ್ಟಿ ಪುರಾವೆಯೂ ಇತ್ತು. ಕೊತ್ತಗೆರೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಒಬ್ಬ ಮೇಡಮ್ ವಾರಕ್ಕೊಂದು ಪ್ಯಾಕೆಟ್ಟು ತೆಗೆದುಕೊಳ್ಳುತ್ತಿದ್ದರು. ನಮ್ಮ ಮೊದಲ ಖಾಯಂ ಗಿರಾಕಿ. ಬಾಯಿ ಮುಚ್ಚಿದೆ, ಬ್ಯಾಗಿನಲ್ಲಿ ಚೆಲ್ಲುವುದಿಲ್ಲ ಅನ್ನುವುದೇ ಅವರಿಗೆ ಬೇಕಾದದ್ದು. ಅವಳು ಹೇಳುವುದೂ ಸರಿ, ನಾನು ಹೇಳುವುದೂ ಸರಿ, ಇಬ್ಬರಿಗೂ ಹೊಟ್ಟೆ ಹಸಿದು ಸಿಟ್ಟು ನೆತ್ತಿಗೇರಿತ್ತು. ತುಮಕೂರಿನಲ್ಲಿ ಇಳಿದು ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಮುಖ ತಿರುಗಿಸಿ ಕೂತೆವು. ಅವಳು ಒಂದು ಪ್ಯಾಕೆಟ್ಟು ಹರಿದು, ಬೆಲ್ಲದವನು ಕೊಟ್ಟಿದ್ದ ಬೆಲ್ಲದ ಪುಡಿ ಕಲಸಿ, ಮಾತಾಡದೆ ನನ್ನ ಅಂಗೈಗೆ ಒಂದು ಹಿಡಿ ಹಾಕಿದಳು. ನಾನು ತಿಂದೆ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಇದನ್ನೇ ಕೊಂಡವರ ಕೈಗೆ ಹಾಕಿದರೆ? ಈ ಮಾತನ್ನು ಮೊದಲು ಆಡಿದ್ದು ಯಾರು ಅನ್ನುವುದು ನಮ್ಮಿಬ್ಬರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಮುಂದಿನ ಸಂತೆಗೆ ಪ್ಯಾಕೆಟ್ಟುಗಳ ಪಕ್ಕ ಒಂದು ತೆರೆದ ಡಬ್ಬಿ ಇಟ್ಟುಕೊಂಡೆವು. ಬೆಲ್ಲ, ಕೊಬ್ಬರಿ ತುರಿ ಬೆರೆಸಿದ ಹುರಿಹಿಟ್ಟು. ಪ್ಯಾಕೆಟ್ಟು ಕೊಂಡವರ ಅಂಗೈಗೆ ಅದರಿಂದ ಒಂದು ಹಿಡಿ. ಕೆಲವರು ಅಲ್ಲೇ ಬಾಯಿಗೆ ಹಾಕಿಕೊಂಡರು, ಕೆಲವರು ಸೊಂಟದ ಮೇಲಿನ ಕೂಸಿನ ಬಾಯಿಗೆ. ಬಾಯಿಗೆ ಬಿದ್ದ ಮೇಲೆ ಅವರ ಮುಖದಲ್ಲಿ ಆಗುವುದನ್ನು ಹಿಂದೆ ನಿಂತವರು ನೋಡುತ್ತಿದ್ದರು. ಕೊಂಡವರಿಗೆ ಕೊಸರು ಆದದ್ದು, ನೋಡಿದವರಿಗೆ ರುಚಿಯ ಜಾಹೀರಾತು ಆಯಿತು. ಆ ಅಜ್ಜಿಯೂ ಬಂದಳು. ಕೈ ಒಡ್ಡಿ ಈಸಿಕೊಂಡು, ಸಾಲದು ಅನ್ನುವ ಹಾಗೆ ಮತ್ತೂ ಒಡ್ಡಿ, "ಈಗ ಕಲ್ತ್ರಿ ಬುಡು," ಅಂದಳು. ಆ ಸಂಜೆ ನಾವು ಖಾಲಿ ಚೀಲ ಮಡಿಚಿಕೊಂಡು ರೈಲು ಹತ್ತಿದೆವು.

ಈಗ ಪೇಪರು ತೆಗೆದರೆ ಸ್ವಯಂ ಉದ್ಯೋಗದ ಮಾತು. ಸಭೆಗಳಲ್ಲಿ ದೊಡ್ಡವರು ಯುವಕರಿಗೆ ಹೇಳುತ್ತಾರೆ: ಧೈರ್ಯ ಬೇಕು, ಆತ್ಮವಿಶ್ವಾಸ ಬೇಕು, ನಕಾರ ಮಾತಾಡುವವರನ್ನು ದೂರ ಇಡಬೇಕು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ, ಕೈ ಎತ್ತಬೇಕು ಅನ್ನಿಸುತ್ತದೆ. ಧೈರ್ಯವೇ ಸಾಕಾಗಿದ್ದರೆ ನನ್ನ ಗೆಳತಿ ಮರಳು ಹಾಕಿ ಹುರಿದು, ಮೆಣಸಿನ ಘಾಟಿನ ಹಿಟ್ಟನ್ನು ಮೊದಲ ವಾರವೇ ಇಡೀ ತುಮಕೂರಿಗೆ ತಿನ್ನಿಸಿರುತ್ತಿದ್ದಳು. ಸಂದೇಹವೇ ಸಾಕಾಗಿದ್ದರೆ ನಾನು ಇನ್ನೂ ಆ ಬಸ್ ಸ್ಟಾಪಿನಲ್ಲೇ ನಿಂತಿರುತ್ತಿದ್ದೆ. ಇಬ್ಬರೂ ಒಂದೇ ಕೊಟ್ಟಿಗೆಯಲ್ಲಿ ಇರಬೇಕಿತ್ತು. ಬೇಡ ಅಂದವಳೇ ಮಾರನೆಯ ದಿನ ಬೆಳಿಗ್ಗೆ ಮಿಲ್ಲಿನ ಬಾಗಿಲಿಗೆ ಬರಬೇಕಿತ್ತು. ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ.

ಕೆಲಸದಲ್ಲಿ ಸಿಗುವ ತೃಪ್ತಿ ಎಂಬ ಮಾತಿನ ಮೇಲೂ ನನಗೆ ಗುಮಾನಿ. ಕೆಲಸ ಬಿಟ್ಟು ಬಹಳ ದಿನ ಆದವರೇ ಅದನ್ನು ಹೆಚ್ಚು ಆಡುವುದು, ಈಗ ನಾನೂ ಆಡುತ್ತಿದ್ದೇನೆ ನೋಡಿ. ಆ ದಿನಗಳಲ್ಲಿ ಯಾರಾದರೂ ತೃಪ್ತಿಯಾಗಿದ್ದೀಯಾ ಅಂತ ಕೇಳಿದ್ದರೆ, ಹುಬ್ಬಿಗೆಲ್ಲ ಹಿಟ್ಟು ಕೂತಿದೆ, ಭುಜ ಬಿದ್ದು ಹೋಗುತ್ತಿದೆ ಅಂದಿರುತ್ತಿದ್ದೆ. ಆದರೂ ಒಂದು ಇತ್ತು. ತುಂಬಿದ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದರೆ, ಅದರಲ್ಲಿ ಘಾಟಿಲ್ಲ, ಅದು ನನ್ನ ಮಾತು. ಮರಳಿಲ್ಲ, ಅದೂ ನನ್ನ ಮಾತು. ಮಳೆಗಾಲದಲ್ಲೂ ಮೆತ್ತಗಾಗಿಲ್ಲ, ಅದಕ್ಕೋಸ್ಕರ ನಾವು ಜಗಳವಾಡಿ ಎರಡು ದಿನ ಮಾತು ಬಿಟ್ಟಿದ್ದೆವು. ನಾನು ಹುಟ್ಟಿದಾಗಿನಿಂದ ಹೇಳಿದ ಇಲ್ಲ, ಆಗಲ್ಲ, ಒಪ್ಪಲ್ಲಗಳೆಲ್ಲ ಗಾಳಿಗೆ ಹೋಗಿದ್ದವು. ಆ ಕೊಟ್ಟಿಗೆಯಲ್ಲಿ ಹೇಳಿದವು ಮಾತ್ರ ಯಾರೋ ಗುರುತಿಲ್ಲದ ಮಗುವಿನ ಹೊಟ್ಟೆಗೆ ಹೋಗುತ್ತಿದ್ದವು.

ಗುಬ್ಬಿಯಲ್ಲಿ ಎರಡು ಅಂಗಡಿ, ಕುಣಿಗಲ್ಲಿನಲ್ಲಿ ಒಂದು, ತುಮಕೂರಿನಲ್ಲಿ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಕೆಲವು ಖಾಯಂ ಆದವು. ಅಷ್ಟು ಹೊತ್ತಿಗೆ ಬ್ಯಾಂಕಿನ ಆರ್ಡರು ಬಂತು.

ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು. ಅಪ್ಪ ಷೇವ್ ಮಾಡಿಕೊಂಡು, ಒಗೆದ ಷರಟು ಹಾಕಿಕೊಂಡು, ಎಲ್ಲಿಗೂ ಹೋಗದೆ ಜಗಲಿಯ ಮೇಲೆ ಕೂತಿದ್ದರು. ಅದನ್ನು ನೋಡಿಯೇ ನಾನು ಸದಾಶಿವನಗರಕ್ಕೆ ಹೋದದ್ದು.

ಅವಳು ಜರಡಿ ಹಿಡಿಯುತ್ತಿದ್ದಳು. ನನ್ನ ಕೆಲಸ ಅದು, ತಡವಾದ್ದರಿಂದ ಅವಳು ತೆಗೆದುಕೊಂಡಿದ್ದಳು. ನಾನು ಗೋದಲಿಗೆ ಒರಗಿ ವಿಷಯ ಹೇಳಿದೆ. ಹೇಳಿ ಸುಮ್ಮನಾಗಲಿಲ್ಲ, ಯಾಕೆ ಹೋಗಬೇಕು ಅನ್ನುವುದನ್ನೂ ಒಂದೊಂದಾಗಿ ಮಂಡಿಸಿದೆ. ಅಪ್ಪನ ಪಿಂಚಣಿ, ತಮ್ಮನ ಓದು, ತಂಗಿ. ಇದು ಚಿಕ್ಕ ವ್ಯಾಪಾರ, ನಾಳೆ ರಾಗಿಯ ಬೆಲೆ ಏರಿದರೆ ಏನು, ಯಾರಾದರೂ ದೊಡ್ಡವರು ಇದೇ ಮಾಡಲು ಬಂದರೆ ಏನು. ಚೆನ್ನಾಗಿಯೇ ಮಾತಾಡಿದೆ. ಪ್ರತಿಯೊಂದು ಮಾತನ್ನೂ ಅವಳು ಕಡಿದು ಹಾಕಲಿ ಅಂತಲೇ ಆಡಿದೆ.

ಸ್ಪರ್ಧೆಗಳಲ್ಲಿ ಒಂದು ನಿಯಮವಿತ್ತು. ಎಲ್ಲರ ವಾದ ಮುಗಿದ ಮೇಲೆ, ಉತ್ತರ ಕೊಡುವ ಹಕ್ಕು ಪರ ಮಾತಾಡಿದವರಿಗೆ. ಕೊನೆಯ ಮಾತು ಅವರದ್ದು. ಅವಳು ಆ ಹಕ್ಕನ್ನು ಒಂದು ಸಲವೂ ಬಿಟ್ಟವಳಲ್ಲ. ಗಂಟೆ ಬಾರಿಸಿದ ಮೇಲೂ ಮಾತಾಡಿ ಅಂಕ ಕಳೆದುಕೊಂಡದ್ದುಂಟು. ನಾನು ಕಾದೆ. ಅವಳು ಜರಡಿಯನ್ನು ತಟ್ಟಿ ಪಕ್ಕಕ್ಕಿಟ್ಟಳು.

"ನಾನೂ ಕೂತು ಲೆಕ್ಕ ಹಾಕಿ ನೋಡಿದೀನಿ ಕಣೇ," ಅಂದಳು. "ಇದು ಈಗ ಒಂದೂವರೆ ಜನಕ್ಕೆ ಆಗತ್ತೆ. ಆ ಅರ್ಧ ನಿಮ್ಮನೆಗೆ ಸಾಲಲ್ಲ."

ಸಾಲುತ್ತದೆ ಅಂತ ನಾನು ಹೇಳಬೇಕಿತ್ತು. ಈ ವರ್ಷ ಅರ್ಧ, ಬರುವ ವರ್ಷ ಒಂದು ಅನ್ನಬೇಕಿತ್ತು. ಹಾಗೆ ಅನ್ನಲು ಬೇಕಾದ ದನಿ ನನ್ನಲ್ಲಿರಲಿಲ್ಲ. ಅದು ಯಾವಾಗಲೂ ಅವಳದ್ದು, ನಾನು ಅದನ್ನು ಕಲಿತೇ ಇರಲಿಲ್ಲ. ಮತ್ತು ಅವಳು ಹೇಳಿದ್ದು ನಿಜವೂ ಆಗಿತ್ತು. ನಿಜ ಅಂತ ಗೊತ್ತಿದ್ದೂ ಅವಳು ಸುಳ್ಳು ಹೇಳಿ ನನ್ನನ್ನು ನಿಲ್ಲಿಸಿಕೊಳ್ಳಲಿ ಅಂತ ಕಾಯುತ್ತಿದ್ದೆ. ಅತ್ತೆ ಕಾಫಿ ತಂದರು. ಸಿಹಿ ಮಾಡಬೇಕಿತ್ತು ಕಣೇ, ಬ್ಯಾಂಕಿನ ಕೆಲಸ ಅಂದ್ರೆ ಸುಮ್ಮನೆನಾ ಅಂದರು. ಮೂವರೂ ನಿಂತೇ ಕುಡಿದೆವು.

ಮೊದಲು ದೂರದ ಊರುಗಳಲ್ಲಿ ಇದ್ದು, ಈಗ ಕುಣಿಗಲ್ಲಿನ ಶಾಖೆಯಲ್ಲಿದ್ದೇನೆ. ತುಮಕೂರಿನಿಂದ ದಿನಾ ಹೋಗಿ ಬರುತ್ತೇನೆ. ತಮ್ಮ ಓದಿ ಕೆಲಸಕ್ಕೆ ಸೇರಿದ, ತಂಗಿಯ ಮದುವೆಯಾಯಿತು. ಲೆಕ್ಕ ಹಾಕಿದರೆ ನಾನು ಮಾಡಿದ್ದು ಸರಿ, ಈ ವಾದವನ್ನು ಯಾರ ಮುಂದೆ ಬೇಕಾದರೂ ಗೆಲ್ಲುತ್ತೇನೆ. ಸ್ವಯಂ ಉದ್ಯೋಗದ ಸಾಲ ಕೇಳಿಕೊಂಡು ಹುಡುಗರು, ಅಪರೂಪಕ್ಕೆ ಹುಡುಗಿಯರು, ನನ್ನ ಮೇಜಿನ ಮುಂದೆ ಬಂದು ಕೂರುತ್ತಾರೆ. ನಾನು ಕೇಳುತ್ತೇನೆ: ಇದು ಯಾರಿಗೆ ಬೇಕು, ಅವರು ಈಗ ಏನು ಮಾಡುತ್ತಾರೆ, ಮಳೆಗಾಲದಲ್ಲಿ ಏನಾಗುತ್ತದೆ. ಅವರ ಮುಖ ಬಾಡುತ್ತದೆ, ಮತ್ತೆ ಬರುವುದಿಲ್ಲ. ಮ್ಯಾನೇಜರ್ ಒಂದು ದಿನ ನಯವಾಗಿ, "ಮೇಡಮ್, ನೀವು ಅವರನ್ನ ಹೆದರಿಸ್ತಾ ಇದೀರಿ," ಅಂದರು. ಹೆದರಿಸುತ್ತಿಲ್ಲ, ಅವರ ಜೊತೆ ಕೆಲಸ ಮಾಡುತ್ತಿದ್ದೇನೆ ಅಂತ ಹೇಗೆ ಹೇಳಲಿ? ನಾಳೆ ಬೆಳಿಗ್ಗೆ ಬಾ, ಅದನ್ನ ಮೊದಲು ನೋಡೋಣ ಅನ್ನಲು ನನಗೆ ಅಲ್ಲಿ ಮಿಲ್ಲೂ ಇಲ್ಲ, ಬಾಣಲೆಯೂ ಇಲ್ಲ. ಒಂದು ರಬ್ಬರ್ ಸ್ಟ್ಯಾಂಪು ಇದೆ.

ಅವಳು ನಡೆಸಿಕೊಂಡು ಹೋಗುತ್ತಿದ್ದಾಳೆ. ಕೊಟ್ಟಿಗೆಯನ್ನು ಒಡೆದು ದೊಡ್ಡದು ಮಾಡಿಸಿದ್ದಾಳೆ, ಸ್ವಂತಕ್ಕೆ ಹಿಟ್ಟಿನ ಮಿಷನ್ನು ಹಾಕಿಸಿದ್ದಾಳೆ, ನಾಲ್ಕೈದು ಹೆಂಗಸರು ಕೆಲಸಕ್ಕಿದ್ದಾರೆ. ನಾವು ಜಗಳವಾಡಿ ದೂರವಾದವರಲ್ಲ. ಹಬ್ಬಕ್ಕೆ ಹೋಗಿ ಬರುತ್ತೇವೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಬಸ್ಸು ಬಿಟ್ಟು ಮಾತಾಡುತ್ತೇವೆ. ಹೋದ ತಿಂಗಳು ಹಾಗೇ ಸಿಕ್ಕಾಗ, ಹುರಿಹಿಟ್ಟಿನ ಉಂಡೆ ಕಟ್ಟಿ ಶಾಲೆಗಳ ಹತ್ತಿರದ ಅಂಗಡಿಗಳಿಗೆ ಕೊಡಬೇಕೆಂದಿದ್ದೇನೆ ಅಂದಳು. ಉಂಡೆ ನಿಲ್ಲಬೇಕಾದರೆ ತುಪ್ಪ ಬೇಕು, ತುಪ್ಪ ಹಾಕಿದರೆ ಬೇಗ ಕಮಟು ವಾಸನೆ ಬರುತ್ತದೆ ಅಂದೆ. ಬಾಯಿಗೆ ಬಂದದ್ದು ಹಾಗೇ ಬಂತು. ಅವಳ ಮುಖ ಎಷ್ಟೋ ವರ್ಷದ ಹಿಂದಿನ ಹಾಗಾಯಿತು. ಭಾನುವಾರ ಬಿಡುವಿದ್ದರೆ ಮನೆ ಕಡೆ ಬಾರೇ ಅಂದಳು.

ಭಾನುವಾರ ಬೇಗ ಎದ್ದು, ಹಳೆಯ ಸೀರೆ ಉಟ್ಟುಕೊಂಡು ಹೋದೆ. ಅವಳು ಬಾಗಿಲಲ್ಲಿ ಕೋರದಿಂದ ರಾಗಿ ತಂದ ಗಾಡಿಯವರ ಜೊತೆ ಚೌಕಾಸಿಯಲ್ಲಿದ್ದಳು. ಒಳಗೆ ಹೋಗು, ಬಂದೆ ಅಂತ ಕೈಸನ್ನೆ ಮಾಡಿದಳು. ಒಳಗೆ ಹೆಂಗಸರು ಹುರಿಯುತ್ತಿದ್ದರು. ಆ ವಾಸನೆ ಬಡಿದ ಕೂಡಲೇ ನನ್ನ ಕೈ ತಾನಾಗಿ ಗೋಡೆಯ ಪಕ್ಕ ಒರಗಿಸಿದ್ದ ಜರಡಿಗೆ ಹೋಯಿತು. ಒಬ್ಬ ಹುಡುಗಿ ಓಡಿ ಬಂದು ಅದನ್ನು ಮೆಲ್ಲಗೆ ನನ್ನಿಂದ ಈಸಿಕೊಂಡಳು.

"ಬುಡಿ ಅಕ್ಕ, ಸೀರೆಗೆಲ್ಲ ಹಿಟ್ಟಾಯ್ತದೆ."

ಇನ್ನೊಬ್ಬಳು ಒಳಮನೆಯಿಂದ ಕುರ್ಚಿ ತಂದು, ಸೆರಗಿನಿಂದ ಒರೆಸಿ, ಒಲೆಯ ಹೊಗೆ ಬಾರದ ಕಡೆ ನೋಡಿ ಹಾಕಿದಳು. ಬ್ಯಾಂಕಿನ ಅಕ್ಕನಿಗೆ ಕಾಫಿ ಮಾಡು ಅಂತ ಮತ್ತೊಬ್ಬಳಿಗೆ ಹೇಳಿದಳು. ಆ ಜಾಗದಲ್ಲಿ ನಾನು ಅಷ್ಟು ದಿನ ದುಡಿದರೂ ಒಂದು ದಿನವೂ ಕುರ್ಚಿಯ ಮೇಲೆ ಕೂತವಳಲ್ಲ. ಬೇಡ ಅನ್ನೋಣ ಅಂದುಕೊಂಡೆ. ಅವರೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು, ಬಾಣಲೆಯಲ್ಲಿ ರಾಗಿ ಸೀಯುವುದರಲ್ಲಿತ್ತು. ಕೂತೆ.